ಜಾಲತಾಣದಲ್ಲಿ ಕನ್ನಡ ನಿಘಂಟು: ತಂತ್ರಜ್ಞಾನದ ಪಲ್ಲಟಗಳು ಮತ್ತು ಕೋಶರಚನೆ

1. ಪೀಠಿಕೆ

ಬೆಳ್ತಂಗಡಿ, ಅದೇ ತಾಲೂಕಿನ ಅಳದಂಗಡಿ, ನೆರೆಯ ಪುತ್ತೂರು ತಾಲೂಕಿನ ಉಪ್ಪಿನಂಗಡಿ - ಈ ಮೂರೂ ಸ್ಥಳನಾಮಗಳ ಉತ್ತರಪದ 'ಅಂಗಡಿ' ಎಂಬುದನ್ನು ಕನ್ನಡ ಬಲ್ಲ ಯಾರೂ ಕೂಡಲೇ ಗುರುತಿಸುತ್ತಾರೆ. ಆದರೆ ಊರುಗಳ ಹೆಸರಿನ ಪಟ್ಟಿಯೊಂದನ್ನು ಗಣಕಯಂತ್ರಕ್ಕೆ ಊಡಿ, 'ಅಂಗಡಿ' ಎಂದು ಬೆರಳಚ್ಚಿಸಿ ಹುಡುಕಿದರೆ ಈ ಮೂರರಲ್ಲಿ ಒಂದೂ ದೊರೆಯುವುದಿಲ್ಲ. ಕಾರಣ ಸರಳವಾಗಿದೆ. ಸಂಧಿಯಾದಾಗ 'ಅ' ಎಂಬ ಸ್ವತಂತ್ರ ಸ್ವರಾಕ್ಷರ ಉಳಿಯುವುದಿಲ್ಲ. ಅದು ಹಿಂದಿನ ವ್ಯಂಜನದಲ್ಲಿ ಅಡಗುತ್ತದೆ. ಯಂತ್ರವು ಹೋಲಿಸುವುದು ಧ್ವನಿಯನ್ನಲ್ಲ, ಅಕ್ಷರಕ್ಕೆ ಕೊಟ್ಟಿರುವ ಸಂಕೇತವನ್ನು. ಆದುದರಿಂದ ಸಂಶೋಧಕನು 'ಅಂಗಡಿ'ಯ ಬದಲು ಅನುಸ್ವಾರದಿಂದ ಮೊದಲಾಗುವ ತುಂಡನ್ನು ಹುಡುಕಬೇಕಾಗುತ್ತದೆ. ವ್ಯಾಕರಣದ ದೃಷ್ಟಿಯಲ್ಲಿ ಅದು ಪದವೇ ಅಲ್ಲ.

ಜಾಲತಾಣದ ನಿಘಂಟುಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ವೇಗ, ಸೌಲಭ್ಯ ಮತ್ತು ಪದಗಳ ಸಂಖ್ಯೆಗಳಲ್ಲಿಯೇ ನಿಂತುಬಿಡುತ್ತದೆ. ಮೇಲಿನ ಉದಾಹರಣೆ ಸೂಚಿಸುವಂತೆ ಪ್ರಶ್ನೆ ಅದಕ್ಕಿಂತ ಆಳವಾದುದು. ಕನ್ನಡದ ಪದವೊಂದು ಯಂತ್ರದೊಳಗೆ ಯಾವ ರೂಪದಲ್ಲಿ ಇರುತ್ತದೆ ಎಂಬುದರ ಮೇಲೆಯೇ ಅದು ದೊರೆಯುವುದೂ ದೊರೆಯದಿರುವುದೂ ನಿಂತಿದೆ. ಆ ರೂಪವು ಕಳೆದ ಮೂರು ದಶಕಗಳಲ್ಲಿ ಹೇಗೆ ಬದಲಾಯಿತು, ಪ್ರತಿ ಬದಲಾವಣೆಯಲ್ಲಿ ಕೋಶಕಾರನಿಗೆ ಲಭಿಸಿದ್ದೇನು, ಕೈಬಿಟ್ಟುಹೋದದ್ದೇನು ಎಂಬುದನ್ನು 2019ರಲ್ಲಿ ಪ್ರಕಟವಾದ 'ಅಲರ್' ಕನ್ನಡ-ಇಂಗ್ಲಿಷ್ ಜಾಲನಿಘಂಟನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮುದ್ರಿತ ಕೋಶದ ವ್ಯವಸ್ಥೆ

ಆಧುನಿಕ ಕನ್ನಡ ಕೋಶರಚನೆಯ ದೊಡ್ಡ ಮೈಲಿಗಲ್ಲು ಕರಾವಳಿಯಲ್ಲಿಯೇ ಇದೆ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾಯಿತು. ಸುಮಾರು 70,000 ಉಲ್ಲೇಖಗಳಿರುವ ಆ ಕೋಶಕ್ಕಿಂತ ಎಂಟು ವರ್ಷ ಮೊದಲೇ, 1886ರಲ್ಲಿ, ಅದೇ ಸಂಸ್ಥೆಯಿಂದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಮುಂದೆ ಎಂ. ಮರಿಯಪ್ಪ ಭಟ್ಟರು ಕಿಟೆಲ್ ಕೋಶವನ್ನು ಪರಿಷ್ಕರಿಸಿದರು; ಅದನ್ನು ಮದರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗಿನ ಅವಧಿಯಲ್ಲಿ ಬೆಳಕು ಕಂಡವು.

ಈ ಕೋಶಗಳ ಸ್ವರೂಪದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು ಅಕಾರಾದಿ ಕ್ರಮ. ಇದು ಹುಡುಕುವ ಅನುಕೂಲಕ್ಕಾಗಿ ಮಾಡಿದ ಏರ್ಪಾಡಾದರೂ ಅದರಿಂದ ಬೇರೊಂದು ಲಾಭವಿದೆ: ಒಂದೇ ಧಾತುವಿನಿಂದ ಹುಟ್ಟಿದ ಹಲವು ರೂಪಗಳು ಒಂದೇ ಪುಟದಲ್ಲಿ ನೆರೆಹೊರೆಯಾಗಿ ಕಾಣಸಿಗುತ್ತವೆ. ಎರಡನೆಯದು ಪ್ರಯೋಗ. ಪರಿಷತ್ತಿನ ನಿಘಂಟಿನಲ್ಲಿ ಶಾಸನ, ಕಾವ್ಯ ಮೊದಲಾದ ಆಕರಗಳಿಂದ ಆಯ್ದ ಪ್ರಯೋಗಗಳು ಅರ್ಥಕ್ಕೆ ಆಧಾರವಾಗಿ ನಿಲ್ಲುತ್ತವೆ. ಅರ್ಥವನ್ನು ಒಪ್ಪದಿರುವ ಓದುಗನಿಗೆ ವಾದಿಸಲು ಬೇಕಾದ ಸಾಮಗ್ರಿಯನ್ನೂ ಕೋಶವೇ ಒದಗಿಸುತ್ತದೆ. ಜಾಲತಾಣಕ್ಕೆ ಬಂದಾಗ ಈ ಎರಡು ಅಂಶಗಳು ಏನಾದವು ಎಂಬುದನ್ನು ಮುಂದೆ ನೋಡಲಾಗುವುದು.

3. ಚಿತ್ರದಿಂದ ಅಕ್ಷರಶೈಲಿಗೆ

ಮುದ್ರಿತ ಕೋಶವನ್ನು ಯಂತ್ರದ ಮೇಲೆ ತರುವ ಅತ್ಯಂತ ಸರಳ ವಿಧಾನವೆಂದರೆ ಪುಟಗಳ ಛಾಯಾಪ್ರತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರ ಪಾತ್ರ ವಹಿಸಿದ್ದ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಕನ್ನಡ ಗ್ರಂಥಗಳು ಹೀಗೆ ಸ್ಕ್ಯಾನ್ ಆದವು. ಆ ಯೋಜನೆಯ ಮೂಲ ತಾಣ ನಿಂತುಹೋದ ಬಳಿಕವೂ ಅದರ ಬಹಳಷ್ಟು ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಅಪರೂಪದ ಗ್ರಂಥವು ಮನೆಯಲ್ಲಿಯೇ ದೊರೆಯುವಂತಾದುದು ಸಣ್ಣ ಸಂಗತಿಯಲ್ಲ. ಆದರೆ ಯಂತ್ರದ ಮಟ್ಟಿಗೆ ಅಂತಹ ಪುಟ ಬರಿಯ ಚಿತ್ರ. ಅದರಲ್ಲಿ ಪದವಿದೆ ಎಂಬುದು ಯಂತ್ರಕ್ಕೆ ತಿಳಿಯದು.

ಎರಡನೆಯ ಘಟ್ಟ ಅಕ್ಷರಶೈಲಿಯದು, ಅಂದರೆ ಫಾಂಟಿನದು. 1996ರಲ್ಲಿ ಯು.ಬಿ. ಪವನಜ ಅವರು ಆರಂಭಿಸಿದ 'ವಿಶ್ವಕನ್ನಡ', 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', 2001ರ ಸುಮಾರಿಗೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇದಕ್ಕೆಲ್ಲ ಹಿನ್ನೆಲೆಯಾಗಿ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ - ಇವುಗಳಿಂದ ಕನ್ನಡವು ಗಣಕಯಂತ್ರದ ಮೇಲೆ ಸಹಜವಾಗಿ ಬರೆಯಬಹುದಾದ ಭಾಷೆಯಾಯಿತು. ಈ ಸಾಧನೆಯನ್ನು ಇಂದಿನ ಅನುಕೂಲಗಳ ನಡುವೆ ನಿಂತು ಕಿರಿದಾಗಿ ಕಾಣುವುದು ಸರಿಯಲ್ಲ.

ಆದರೂ ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದಂಥವು. ನುಡಿ ಮಾದರಿಯ ಶೈಲಿಯಲ್ಲಿ 'ಕನ್ನಡ' ಎಂಬ ಪದವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲೆಕಟ್ಟು - ಹೀಗೆ ಒಟ್ಟು 7 ತುಂಡುಗಳಾಗಿ ಈ ಪದ ಸಂಗ್ರಹವಾಗುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಅರ್ಥವಿಲ್ಲದ ಸಾಲು ಕಾಣುತ್ತದೆ. ಬರೆದದ್ದು ಕನ್ನಡವಾಗಿ ಕಾಣುವುದು ಫಾಂಟಿನ ಕೃಪೆಯಿಂದ ಮಾತ್ರ.

ಕೋಶಕಾರನಿಗೆ ಇದರಿಂದ ಒದಗಿದ ತೊಡಕು ಅನುಕ್ರಮದ್ದು. ಅರ್ಕಾವೊತ್ತನ್ನು ಉದಾಹರಿಸಬಹುದು. 'ಅರ್ಕ' ಎಂಬಲ್ಲಿ ಉಚ್ಚಾರಣೆಯಲ್ಲಿ ರೇಫ ಮೊದಲು, ಕಕಾರ ಅನಂತರ. ಬರವಣಿಗೆಯಲ್ಲಿ ಮಾತ್ರ ಅರ್ಕಾವೊತ್ತು ಕಕಾರದ ಬಲಕ್ಕೆ ಬರುತ್ತದೆ. ಫಾಂಟು ಆಧಾರಿತ ಕಡತವು ಕಣ್ಣಿಗೆ ಕಾಣುವ ಕ್ರಮವನ್ನೇ ಸಂಗ್ರಹಿಸುವುದರಿಂದ, ಯಂತ್ರಕ್ಕೆ ವಿಂಗಡಿಸಲು ಹೇಳಿದರೆ 'ಅರ್ಕ'ವು ರಕಾರದ ಕಡೆಗೆ ಹೋಗದೆ ಕಕಾರದ ಗುಂಪಿಗೆ ಸೇರಿಬಿಡುತ್ತದೆ. ಲಿಪಿಯ ನೋಟವನ್ನೇ ಭಾಷೆಯೆಂದು ಯಂತ್ರ ಭಾವಿಸಿದುದರ ಪರಿಣಾಮವಿದು.

4. ಸಂಕೇತದ ಘಟ್ಟ

1991ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಭಾರತೀಯ ಲಿಪಿಗಳಿಗಾಗಿ ಅದಕ್ಕೂ ಮೊದಲೇ ರೂಪುಗೊಂಡಿದ್ದ ಇಸ್ಕಿ ಸಂಕೇತಕ್ರಮ ಅದಕ್ಕೆ ಮಾದರಿಯಾಯಿತು. ಇಲ್ಲಿ ಸಂಗ್ರಹವಾಗುವುದು ಅಕ್ಷರದ ತುಂಡಲ್ಲ, ಅಕ್ಷರ. 'ಕನ್ನಡ' ಎಂಬುದು ಕ, ನ, ಹಲಂತ ಚಿಹ್ನೆ, ನ, ಡ ಎಂಬ 5 ಸಂಕೇತಗಳಾಗುತ್ತದೆ. 'ಅರ್ಕ'ದಲ್ಲಿ ರೇಫವು ಉಚ್ಚಾರಣೆಯ ಕ್ರಮದಲ್ಲಿಯೇ ಕಕಾರದ ಮೊದಲು ನಿಲ್ಲುತ್ತದೆ; ಅದನ್ನು ಬಲಕ್ಕೆ ಒಯ್ದು ತೋರಿಸುವ ಕೆಲಸ ಫಾಂಟಿನದು. ದತ್ತಾಂಶ ಮತ್ತು ತೋರಿಕೆಗಳು ಹೀಗೆ ಬೇರ್ಪಟ್ಟುದೇ ಜಾಲನಿಘಂಟಿನ ಚರಿತ್ರೆಯಲ್ಲಿ ನಿರ್ಣಾಯಕವಾದ ತಿರುವು ಎನ್ನಬಹುದು.

ಶಿಷ್ಟತೆ ಸಿದ್ಧವಾದ ಮಾತ್ರಕ್ಕೆ ಬಳಕೆಗೆ ಬರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಡನೆ ಕನ್ನಡಕ್ಕೆ ಬೆಂಬಲ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಕರ್ನಾಟಕ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ, ಆಂಡ್ರಾಯ್ಡ್ 4.1ರ ಮೂಲಕ ಕೈಫೋನುಗಳಲ್ಲಿ ಕನ್ನಡ ಅಕ್ಷರಗಳಿಗೆ ಮೂಲಭೂತ ಬೆಂಬಲ ಬಂದದ್ದೂ ಅದೇ ವರ್ಷ. ಅಂದರೆ ಸಂಕೇತ ಸಿದ್ಧವಾದುದಕ್ಕೂ ಅದು ಜನಸಾಮಾನ್ಯರ ಕೈಗೆ ಬಂದುದಕ್ಕೂ ನಡುವೆ ಎರಡು ದಶಕಗಳ ಅಂತರವಿದೆ. ಆ ಅವಧಿಯಲ್ಲಿ ಬೆರಳಚ್ಚಾದ ಅಪಾರ ಕನ್ನಡ ಸಾಮಗ್ರಿ ಹಳೆಯ ಫಾಂಟುಗಳಲ್ಲಿಯೇ ಉಳಿಯಿತು.

ಯೂನಿಕೋಡಿನಿಂದ ಎಲ್ಲ ಸಮಸ್ಯೆಗಳೂ ತೀರಿದವೆಂದು ಭಾವಿಸುವಂತಿಲ್ಲ. ಹಳಗನ್ನಡದ ಅಧ್ಯಾಪಕರಿಗೆ ಆಸಕ್ತಿ ಹುಟ್ಟಿಸುವ ಸಂಗತಿಯೊಂದು ಇಲ್ಲಿದೆ. ಶಕಟರೇಫವಾದ 'ಱ'ಕಾರಕ್ಕೆ ಕೋಷ್ಟಕದಲ್ಲಿ ರಕಾರದ ಪಕ್ಕದಲ್ಲಿಯೇ ಸ್ಥಾನವಿದೆ. ಆದರೆ ರಳವಾದ 'ೞ'ಕಾರವು ವರ್ಣಮಾಲೆಯ ಸಾಲಿನಲ್ಲಿ ಇಲ್ಲ. ಎಲ್ಲ ಸ್ವರಚಿಹ್ನೆಗಳೂ ಹಲಂತ ಚಿಹ್ನೆಯೂ ಮುಗಿದ ಮೇಲೆ ದೂರದಲ್ಲಿದೆ. ಸಂಕೇತಗಳ ಸಂಖ್ಯಾಕ್ರಮದಲ್ಲಿ ವಿಂಗಡಿಸಿದರೆ ೞಕಾರದ ರೂಪಗಳು ಹಕಾರದ ಆಚೆಗೆ ಹೋಗುತ್ತವೆ. ಇದಲ್ಲದೆ ಆ ಅಕ್ಷರಕ್ಕೆ ಕೋಷ್ಟಕದಲ್ಲಿ 'ಎಫ್' ಧ್ವನಿಯನ್ನು ಸೂಚಿಸುವ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಹಳಗನ್ನಡ ಪದಗಳಿರುವ ಕೋಶವನ್ನು ಅಕಾರಾದಿಯಾಗಿ ತೋರಿಸಬೇಕೆಂದರೆ ವಿಂಗಡಣೆಯ ನಿಯಮವನ್ನು ಕನ್ನಡ ಬಲ್ಲವರೇ ಬರೆದು ಕೊಡಬೇಕಾಗುತ್ತದೆ.

ಕಣ್ಣಿಗೆ ಒಂದೇ ಆಗಿ ಕಂಡು ಯಂತ್ರಕ್ಕೆ ಬೇರೆಯಾಗಿರುವ ರೂಪಗಳ ತೊಡಕು ಇನ್ನೊಂದು. 'ಕೋ' ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. 'ಸಾಫ್ಟ್‌ವೇರ್' ಎಂಬಂತಹ ಪದದ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. ಕೋಶದಲ್ಲಿ ಅದಿದ್ದು ಹುಡುಕುವವನು ಅದನ್ನು ಬೆರಳಚ್ಚಿಸದಿದ್ದರೆ ಪದ 'ಇಲ್ಲ' ಎಂಬ ಉತ್ತರ ಬರುತ್ತದೆ. ಆದುದರಿಂದ ಹುಡುಕುವ ಮುನ್ನ ಎಲ್ಲ ರೂಪಗಳನ್ನೂ ಒಂದೇ ರೂಪಕ್ಕೆ ತರುವ ಶಿಷ್ಟೀಕರಣ ಜಾಲನಿಘಂಟಿಗೆ ಅನಿವಾರ್ಯ.

5. 'ಅಲರ್': ಪುಸ್ತಕದಿಂದ ದತ್ತಸಂಚಯಕ್ಕೆ

ಈ ಹಿನ್ನೆಲೆಯಲ್ಲಿ 'ಅಲರ್' ನಿಘಂಟನ್ನು ನೋಡಬೇಕು. 'ಅರಳು' ಎಂಬ ಅರ್ಥದ ಹಳಗನ್ನಡ ಪದವನ್ನೇ ಹೆಸರಾಗಿ ಹೊತ್ತ ಈ ಕೋಶ ಸುಮಾರು ನಾಲ್ಕು ದಶಕಗಳ ಕಾಲ ವಿ. ಕೃಷ್ಣ ಅವರು ಸ್ವಂತ ಆಸಕ್ತಿಯಿಂದ ನಡೆಸಿದ ಸಂಕಲನದ ಫಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳೂ ಅವುಗಳಿಗೆ ಸುಮಾರು 2,40,000 ಇಂಗ್ಲಿಷ್ ಅರ್ಥವಿವರಣೆಗಳೂ ಇದರಲ್ಲಿವೆ. ಇದನ್ನು ಜಾಲತಾಣವಾಗಿ ರೂಪಿಸಿದವರು ಕೈಲಾಶ್ ನಾಧ್. ಅವರು 2010ರಲ್ಲಿಯೇ 'ಓಳಂ' ಎಂಬ ಇಂಗ್ಲಿಷ್-ಮಲಯಾಳಂ ಜಾಲನಿಘಂಟನ್ನು ಆರಂಭಿಸಿದ್ದರು. 2013ರಲ್ಲಿ ಅದಕ್ಕೆ ದಾತುಕ್ ಕೆ.ಜೆ. ಜೋಸೆಫ್ ಅವರ ಮಲಯಾಳಂ-ಮಲಯಾಳಂ ಪದಸಂಗ್ರಹ ಸೇರಿತು. ಒಬ್ಬ ವ್ಯಕ್ತಿಯ ಜೀವಮಾನದ ಸಂಗ್ರಹವನ್ನು ಮುಕ್ತ ದತ್ತಾಂಶವಾಗಿಸುವ ಕ್ರಮವು ಹೀಗೆ ನೆರೆಯ ಭಾಷೆಯಲ್ಲಿ ರೂಪುಗೊಂಡು ಕನ್ನಡಕ್ಕೆ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಕೋಶದ ಪ್ರತಿ ಉಲ್ಲೇಖವೂ ಪದ, ವ್ಯಾಕರಣವರ್ಗ, ಅರ್ಥ ಎಂಬ ಪ್ರತ್ಯೇಕ ಅಂಕಣಗಳಾಗಿ ಒಡೆದಿದೆ. ಮುದ್ರಿತ ಪುಟದಲ್ಲಿ ದಪ್ಪಕ್ಷರ, ಓರೆಯಕ್ಷರಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ದತ್ತಾಂಶದ ರಚನೆಯೇ ಮಾಡುತ್ತದೆ. ಎರಡನೆಯದಾಗಿ, ತಾಣವನ್ನು ನಡೆಸುವ ತಂತ್ರಾಂಶ ಮತ್ತು ಕೋಶದ ದತ್ತಾಂಶ ಬೇರೆ ಬೇರೆ. ತಂತ್ರಾಂಶವನ್ನು ಯಾವುದೇ ಭಾಷೆಗಳ ಕೋಶಕ್ಕೆ ಹೊಂದಿಸಿಕೊಳ್ಳಬಹುದು. ಅದು ಹಳತಾದಾಗ ಬದಲಿಸಿದರೆ ಕೋಶಕ್ಕೆ ಧಕ್ಕೆಯಾಗದು. ಮೂರನೆಯದಾಗಿ, ಇಡೀ ಪದಸಂಗ್ರಹವು ಮುಕ್ತ ದತ್ತಸಂಚಯ ಪರವಾನಗಿಯಡಿ ಸಾರ್ವಜನಿಕರಿಗೆ ದೊರೆಯುತ್ತದೆ. ಇನ್ನೊಬ್ಬರು ಅದನ್ನು ಇಳಿಸಿಕೊಂಡು ಬೇರೆ ಉಪಕರಣ ಕಟ್ಟಬಹುದು. ತಾಣ ಒಂದು ದಿನ ನಿಂತರೂ ಕೋಶ ನಿಲ್ಲುವುದಿಲ್ಲ. ಮುದ್ರಣದ ಕಾಲದಲ್ಲಿ ಈ ಭದ್ರತೆಯನ್ನು ಒದಗಿಸುತ್ತಿದ್ದುದು ಹತ್ತಾರು ಗ್ರಂಥಾಲಯಗಳಲ್ಲಿದ್ದ ಪ್ರತಿಗಳು.

6. ಹುಡುಕಾಟ ಮತ್ತು ಕೋಶಕಾರನ ಹೊಣೆ

ಜಾಲನಿಘಂಟಿನಲ್ಲಿ ಅಕಾರಾದಿಯ ಸ್ಥಾನವನ್ನು ಹುಡುಕುಪೆಟ್ಟಿಗೆ ಆಕ್ರಮಿಸಿದೆ. ಕಾಗುಣಿತ ಖಚಿತವಾಗಿ ತಿಳಿಯದ ಓದುಗನಿಗೂ ಪದ ದೊರೆಯಬೇಕೆಂದರೆ ಯಂತ್ರಕ್ಕೆ ಧ್ವನಿಯ ಅರಿವನ್ನು ಹೇಗಾದರೂ ಕೊಡಬೇಕು. ಇದಕ್ಕಾಗಿ ಕೈಲಾಶ್ ನಾಧ್ ಅವರು 'ಕೆಎನ್‌ಫೋನ್' ಎಂಬ ಕ್ರಮವಿಧಿಯನ್ನು ರೂಪಿಸಿದ್ದಾರೆ. ಇದು ಪ್ರತಿ ಕನ್ನಡ ಪದಕ್ಕೂ ಉಚ್ಚಾರಣೆಯನ್ನು ಆಧರಿಸಿದ ಮೂರು ರೋಮನ್ ಕೀಲಿಗಳನ್ನು ಸಿದ್ಧಪಡಿಸುತ್ತದೆ. ಮೊದಲ ಕೀಲಿ ಅತ್ಯಂತ ಸಡಿಲವಾದುದು. ಕಠಿಣ ಧ್ವನಿಗಳನ್ನೂ ಸ್ವರಚಿಹ್ನೆಗಳಂತಹ ಮಾರ್ಪಾಡುಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಕಠಿಣ ಧ್ವನಿಗಳನ್ನು ಪರಿಗಣಿಸುತ್ತದೆ. ಮೂರನೆಯದು ಎರಡನ್ನೂ ಪರಿಗಣಿಸುವ ಬಿಗಿಯಾದ ಕೀಲಿ. ಬಿಗಿಯಾದ ಕೀಲಿಯಲ್ಲಿ ಹೊಂದಿದ ಪದ ಮೊದಲು, ಸಡಿಲ ಕೀಲಿಯಲ್ಲಿ ಹೊಂದಿದವು ಅನಂತರ ಎಂದು ಶ್ರೇಣೀಕರಿಸಲು ಇದರಿಂದ ಸಾಧ್ಯವಾಗುತ್ತದೆ.

ಕನ್ನಡ ವ್ಯಾಕರಣದ ವಿದ್ಯಾರ್ಥಿಗೆ ಈ ಕ್ರಮದ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಲಕಾರ-ಳಕಾರಗಳ ವ್ಯತ್ಯಾಸವನ್ನು ಕೈಬಿಟ್ಟ ಹುಡುಕಾಟವು 'ಅಲದಂಗಡಿ' ಎಂದು ಬರೆದವನನ್ನೂ ಅಳದಂಗಡಿಗೆ ತಲುಪಿಸೀತು. ಆದರೆ ಅದೇ ಸಡಿಲತೆ 'ಹಳ್ಳಿ'ಯನ್ನು ಕೇಳಿದವನ ಮುಂದೆ 'ಹಲ್ಲಿ'ಯನ್ನೂ ತಂದಿಡುತ್ತದೆ. ಇನ್ನು 'ಪಾಲ್' - 'ಹಾಲು', 'ಪೊಲ' - 'ಹೊಲ' ಎಂಬ ಜೋಡಿಗಳನ್ನು ಯಾವ ಧ್ವನಿಸಾಮ್ಯದ ಕೀಲಿಯೂ ಒಂದುಗೂಡಿಸಲಾರದು. ಪಕಾರವು ಹಕಾರವಾದುದು ಧ್ವನಿಯ ಹೋಲಿಕೆಯ ವಿಷಯವಲ್ಲ, ಭಾಷೆಯ ಚರಿತ್ರೆಯ ವಿಷಯ. ಆ ಸಂಬಂಧವನ್ನು ಅಡ್ಡ ಉಲ್ಲೇಖವಾಗಿ ಸಂಪಾದಕನೇ ಬರೆಯಬೇಕು. ಹಾಗೆಯೇ 'ಅಂಗಡಿಯವನಿಗೆ' ಎಂಬ ರೂಪದಿಂದ 'ಅಂಗಡಿ' ಎಂಬ ಪ್ರಕೃತಿಗೆ ಹೋಗಲು ವಿಭಕ್ತಿ ಪ್ರತ್ಯಯಗಳ ಜ್ಞಾನ ಬೇಕು. ಪೀಠಿಕೆಯಲ್ಲಿ ಹೇಳಿದ ಸ್ಥಳನಾಮಗಳನ್ನು ಬಿಡಿಸಲು ಸಂಧಿಯ ಜ್ಞಾನ ಬೇಕು. ಅಕ್ಷರಗಳನ್ನು ಸ್ವರ-ವ್ಯಂಜನಗಳಾಗಿ ಬಿಡಿಸಿದ ಲಿಪ್ಯಂತರ ರೂಪವೊಂದನ್ನು ದತ್ತಾಂಶದಲ್ಲಿ ಜೊತೆಗಿಟ್ಟರೆ, ವ್ಯಂಜನದಲ್ಲಿ ಅಡಗಿದ ಅಕಾರ ಮತ್ತೆ ಪ್ರತ್ಯಕ್ಷವಾಗಿ, ಆ ಮೂರೂ ಹೆಸರುಗಳು 'ಅಂಗಡಿ'ಯ ಹುಡುಕಾಟಕ್ಕೆ ಸಿಗುತ್ತವೆ. ಕಿಟೆಲ್ ತಮ್ಮ ಕೋಶದಲ್ಲಿ ಕನ್ನಡ ಪದದ ಪಕ್ಕದಲ್ಲಿ ಕೊಟ್ಟ ರೋಮನ್ ಲಿಪ್ಯಂತರ ವಿದೇಶಿ ಓದುಗನ ಅನುಕೂಲಕ್ಕಾಗಿ ಇದ್ದಿರಬಹುದು. ಯಂತ್ರದ ಯುಗದಲ್ಲಿ ಅದಕ್ಕೆ ಬೇರೊಂದು ಉಪಯೋಗ ಒದಗಿದೆ.

ಕಳೆದುಹೋದುದರ ಲೆಕ್ಕವನ್ನೂ ಇಡಬೇಕು. ಹುಡುಕುಪೆಟ್ಟಿಗೆ ಕೇಳಿದ ಪದವನ್ನು ಕೊಡುತ್ತದೆ, ಅದರ ನೆರೆಹೊರೆಯನ್ನು ಕೊಡುವುದಿಲ್ಲ. ಅಷ್ಟೇ ಮುಖ್ಯವಾಗಿ, 'ಅಲರ್'ನಂತಹ ಅರ್ಥಪ್ರಧಾನ ಕೋಶದಲ್ಲಿ ಪರಿಷತ್ತಿನ ನಿಘಂಟಿನಲ್ಲಿರುವಂತೆ ಪ್ರಯೋಗಗಳಿಲ್ಲ. ಇದು ಆ ಕೋಶದ ದೋಷವಲ್ಲ. ಅದರ ಉದ್ದೇಶ ಬೇರೆ. ಆದರೆ ಸುಲಭವಾಗಿ ದೊರೆಯುವುದೇ ಪ್ರಮಾಣವೆನಿಸಿಕೊಳ್ಳುವ ಸಂದರ್ಭದಲ್ಲಿ, ಪ್ರಯೋಗಸಹಿತವಾದ ಕೋಶ ಹುಡುಕಾಟಕ್ಕೆ ಸಿಗದ ಕಡೆ ಉಳಿದರೆ, ಸಂಶೋಧನ ಪ್ರಬಂಧಗಳು ಆಧಾರವಿಲ್ಲದ ಅರ್ಥಗಳ ಮೇಲೆ ನಿಲ್ಲುವ ಅಪಾಯವಿದೆ.

7. ತುಳುವಿನ ನಿದರ್ಶನ

ಲಿಪಿಯಲ್ಲಿ ಗುರುತಿಲ್ಲದ ಭೇದವು ದತ್ತಾಂಶದಲ್ಲಿಯೂ ಇರುವುದಿಲ್ಲ ಎಂಬುದಕ್ಕೆ ಅಳದಂಗಡಿ ಪರಿಸರದ ಆಡುಮಾತಾದ ತುಳುವೇ ಒಳ್ಳೆಯ ನಿದರ್ಶನ. ತುಳುವಿನಲ್ಲಿ 'ನಾನು ಬಂದೆ' ಎಂಬರ್ಥದ ರೂಪಕ್ಕೂ 'ಅವನು ಬಂದ' ಎಂಬರ್ಥದ ರೂಪಕ್ಕೂ ಕೊನೆಯ ಸ್ವರದಲ್ಲಿ ಮಾತ್ರ ವ್ಯತ್ಯಾಸ. ಮೊದಲನೆಯದರಲ್ಲಿ ಎಕಾರ ವಿವೃತ. ಸಾಮಾನ್ಯ ಕನ್ನಡ ಲಿಪಿಯಲ್ಲಿ ಎರಡೂ 'ಬತ್ತೆ' ಎಂದೇ ಆಗುತ್ತವೆ. ಬರೆದದ್ದು ಒಂದೇ ಆದರೆ ಸಂಕೇತವೂ ಒಂದೇ. ಯಂತ್ರಕ್ಕೆ 'ನಾನು' ಮತ್ತು 'ಅವನು' ಬೇರೆಯೆಂದು ತಿಳಿಯುವ ದಾರಿಯಿಲ್ಲ.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು, ಪ್ರದೇಶ ಮತ್ತು ಸಮುದಾಯಗಳಿಗೆ ಅನುಗುಣವಾದ ರೂಪಭೇದಗಳನ್ನು ದಾಖಲಿಸಿದ ಕೋಶ. ಇಂತಹ ಕೋಶವನ್ನು ಜಾಲತಾಣಕ್ಕೆ ತರುವಾಗ ಪದ ಮತ್ತು ಅರ್ಥ ಎಂಬ ಎರಡೇ ಅಂಕಣಗಳಲ್ಲಿ ತುರುಕಿದರೆ ಕ್ಷೇತ್ರಕಾರ್ಯದ ಸಾರವೇ ಸೋರಿಹೋಗುತ್ತದೆ. ರೂಪಭೇದ, ಅದನ್ನು ಆಡುವ ಪ್ರದೇಶ, ಸಮುದಾಯ - ಪ್ರತಿಯೊಂದಕ್ಕೂ ಅಂಕಣವಿರಬೇಕು. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸಂಕೇತಸ್ಥಾನ ದೊರೆತಿದೆ. ಹಸ್ತಪ್ರತಿಗಳ ಅಧ್ಯಯನಕ್ಕೆ ಇದು ಬಹು ಉಪಕಾರಿ. ಆದರೆ ಲಿಪಿಗೆ ಸಂಕೇತ ದೊರೆತ ಮಾತ್ರಕ್ಕೆ ಆಡುನುಡಿಯ ಧ್ವನಿಭೇದಗಳು ತಾವಾಗಿ ದಾಖಲಾಗುವುದಿಲ್ಲ.

8. ಸಮಾರೋಪ

ಚಿತ್ರ, ಅಕ್ಷರಶೈಲಿ, ಸಂಕೇತ, ದತ್ತಸಂಚಯ ಎಂಬ ನಾಲ್ಕು ಘಟ್ಟಗಳನ್ನು ಮೇಲೆ ಗುರುತಿಸಲಾಯಿತು. ಪ್ರತಿ ಘಟ್ಟದಲ್ಲಿಯೂ ಕೋಶದ ತಿರುಳು ತನ್ನ ತೋರಿಕೆಯಿಂದ ಒಂದು ಹೆಜ್ಜೆ ಬಿಡಿಸಿಕೊಂಡಿದೆ. ಹಾಗೆ ಬಿಡಿಸಿಕೊಂಡ ಕೋಶಗಳು ಮುಂದಿನ ತಂತ್ರಜ್ಞಾನಕ್ಕೆ ದಾಟಿವೆ. ಬಿಡಿಸಿಕೊಳ್ಳದವು ಅಲ್ಲಿಯೇ ನಿಂತಿವೆ. ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ. ಕಳೆದ ಮೂರು ದಶಕಗಳಲ್ಲಿ ನಮ್ಮ ಕನ್ನಡ ವಿಭಾಗಗಳಲ್ಲಿ ಸಿದ್ಧವಾದ ವೃತ್ತಿಪದಕೋಶಗಳು, ಪ್ರಾದೇಶಿಕ ಪದಸಂಗ್ರಹಗಳು, ಪ್ರೌಢಪ್ರಬಂಧಗಳ ಅನುಬಂಧದಲ್ಲಿರುವ ಪದಪಟ್ಟಿಗಳು ಬಹುಮಟ್ಟಿಗೆ ಹಳೆಯ ಫಾಂಟುಗಳಲ್ಲಿ, ಪುಟವಿನ್ಯಾಸದ ಕಡತಗಳಲ್ಲಿ ಬೆರಳಚ್ಚಾದವು. ಮುದ್ರಿತ ಪ್ರತಿ ಕಪಾಟಿನಲ್ಲಿದೆ. ಕಡತವನ್ನು ತೆರೆಯಬಲ್ಲ ಯಂತ್ರ ಇಲ್ಲದಾಗುತ್ತಿದೆ. ಆ ಪದಗಳನ್ನು ಹೇಳಿದ ಕುಂಬಾರರು, ಕೃಷಿಕರು, ಮೀನುಗಾರರಲ್ಲಿ ಅನೇಕರು ಇಂದಿಲ್ಲ. ಅದೇ ಕ್ಷೇತ್ರಕಾರ್ಯವನ್ನು ಮತ್ತೊಮ್ಮೆ ಮಾಡುವುದು ಸಾಧ್ಯವಿಲ್ಲ.

ಆದುದರಿಂದ ವಿಭಾಗಗಳು ಮಾಡಬೇಕಾದ ಕೆಲಸಗಳು ಕೆಲವಿವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದಬೇಕು. ಅರ್ಕಾವೊತ್ತು, ಱ, ೞ ಇರುವ ಪದಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಪದ, ವ್ಯಾಕರಣವರ್ಗ, ಅರ್ಥ, ಪ್ರಯೋಗ, ಪ್ರದೇಶ, ಸಂಗ್ರಹದ ಕಾಲ ಇವುಗಳನ್ನು ಪ್ರತ್ಯೇಕ ಅಂಕಣಗಳಲ್ಲಿಡಬೇಕು. ಮರುಬಳಕೆಯ ಷರತ್ತುಗಳನ್ನು ಸ್ಪಷ್ಟವಾಗಿ ಬರೆದು, ಪ್ರತಿಯನ್ನು ಒಂದಕ್ಕಿಂತ ಹೆಚ್ಚು ಕಡೆ ಇರಿಸಬೇಕು. ಜಾಲನಿಘಂಟನ್ನು ಉಲ್ಲೇಖಿಸುವ ಸಂಶೋಧಕರು ನೋಡಿದ ದಿನಾಂಕವನ್ನೂ ಆವೃತ್ತಿಯನ್ನೂ ನಮೂದಿಸಬೇಕು; ಏಕೆಂದರೆ ಮುದ್ರಿತ ಪುಟದಂತೆ ಅದು ಸ್ಥಿರವಲ್ಲ. ವಿ. ಕೃಷ್ಣ ಅವರ ನಾಲ್ಕು ದಶಕಗಳ ಶ್ರಮ ಜನರಿಗೆ ತಲುಪಿದುದು ಅದು ಸರಿಯಾದ ರೂಪದಲ್ಲಿ, ಮುಕ್ತವಾಗಿ ಹೊರಬಂದುದರಿಂದ. ವಿಭಾಗಗಳ ಕಪಾಟಿನಲ್ಲಿರುವ ಪದಸಂಗ್ರಹಗಳ ಹಿಂದೆಯೂ ಅಷ್ಟೇ ಶ್ರಮವಿದೆ.